ಬಾಗಿಲಿಗೂ ಬೀದಿಗೂ ನಡುವಿನ ಜಾಗ

ಎಲ್ಲರಿಗೂ ನಮಸ್ಕಾರ. ಮನೆಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಹಾಗಾಗಿ ಅಡುಗೆಮನೆ ಎಲ್ಲಿರಬೇಕು, ಗಾಳಿ ಬೆಳಕು ಹೇಗೆ ಬರಬೇಕು ಎಂದು ನಾನು ಹೇಳುತ್ತೇನೆ ಅಂದುಕೊಂಡು ನೀವು ಬಂದಿರಬಹುದು. ಇವತ್ತು ಅದನ್ನು ಬಿಡೋಣ. ನಕ್ಷೆಯಲ್ಲಿ ನಾವು ಬರೀ ಅಳತೆ ಬರೆದು ಖಾಲಿ ಬಿಟ್ಟುಬಿಡುವ ಒಂದು ಜಾಗ ಇದೆಯಲ್ಲ, ಅದರ ಬಗ್ಗೆ ಮಾತಾಡುತ್ತೇನೆ. ಮುಂಬಾಗಿಲು ದಾಟಿದ ಮೇಲೆ, ಬೀದಿ ಶುರುವಾಗುವ ಮುಂಚೆ ಸಿಗುವ ಜಾಗ. ಮೆಟ್ಟಿಲು, ಅಂಗಳ, ನಾಲ್ಕು ಗಿಡ, ಕಾಂಪೌಂಡು ಗೋಡೆ, ಗೇಟು. ಅಷ್ಟೇ. ಅಕ್ಕಪಕ್ಕದವರು ನಮಗೆ ಯಾರಾಗುತ್ತಾರೆ ಅನ್ನುವುದು ಬಹುಮಟ್ಟಿಗೆ ಅಲ್ಲೇ ತೀರ್ಮಾನ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅದು ನನಗೆ ಗೊತ್ತಾಗಿದ್ದು ಓದಿನಿಂದ ಅಲ್ಲ. ನಮ್ಮದು ನಗರದ ಅಂಚಿನ ಬಡಾವಣೆ. ಸಾಲು ಮನೆಗಳು, ಪ್ರತಿ ಮನೆಯ ಮುಂದೆಯೂ ಚಿಕ್ಕ ಕೈತೋಟ. ಕೆಲವು ವರ್ಷದ ಹಿಂದೆ ರಸ್ತೆಯಲ್ಲಿ ಗಾಡಿಗಳು ಜಾಸ್ತಿಯಾದವು. ಧೂಳು, ಸದ್ದು ಎರಡೂ ತಡೆಯಲಾರದೆ ಮೂರೂವರೆ ಅಡಿ ಇದ್ದ ಗೋಡೆಯನ್ನು ಆರಡಿ ಮಾಡಿಸಿದೆ. ಮುಂದಿನದನ್ನು ಮಾತ್ರ ಅಲ್ಲ, ಹೇಗೂ ಕೆಲಸದವರು ಬಂದಿದ್ದಾರಲ್ಲ ಅಂತ ಪಕ್ಕದ ಮನೆ ಕಡೆಯದನ್ನೂ ಏರಿಸಿದೆ.

ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರು ಒಬ್ಬರೇ ಇದ್ದಾರೆ. ದಿನಾ ಬೆಳಿಗ್ಗೆ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಾರೆ. ನಾನು ಹೊರಟಾಗ ಗೋಡೆಯ ಆಚೆಯಿಂದ ಎರಡು ಮಾತು. ನಿದ್ದೆ ಬಂತಾ, ಮಳೆ ಬರೋ ಹಾಗಿದೆ ಅಲ್ವಾ, ಇಂಥವು. ಗೋಡೆ ಎದ್ದ ಮೇಲೆ ಆ ಎರಡು ಮಾತು ನಿಂತವು. ನಿಂತಿದ್ದು ನನ್ನ ಗಮನಕ್ಕೇ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಪೇಪರ್ ಹಾಕುವ ಹುಡುಗ ಕೇಳಿದ, "ಪಕ್ಕದ ಮನೆ ತಾತ ಎಲ್ಲಿ? ಪೇಪರ್ ಎಲ್ಲಾ ಗೇಟಿನಲ್ಲೇ ಬಿದ್ದಿದೆ." ಅವರು ಆಸ್ಪತ್ರೆ ಸೇರಿ ಆಗಲೇ ನಾಲ್ಕು ದಿನ ಆಗಿತ್ತು. ನಾನು ಮಲಗುವ ಕೋಣೆಯಿಂದ ಅವರ ಕೋಣೆಗೆ ಹೆಚ್ಚೆಂದರೆ ಇಪ್ಪತ್ತು ಅಡಿ. ನಾಲ್ಕು ದಿನ ನನಗೆ ಗೊತ್ತಿರಲಿಲ್ಲ.

ಹುಷಾರಾಗಿ ಬಂದ ಮೇಲೆ ನೋಡಲು ಹೋದೆ. ಒಂದು ಮಾತೂ ಆಕ್ಷೇಪಿಸಲಿಲ್ಲ. "ಗೋಡೆ ಏರಿಸಿದ್ದು ಒಳ್ಳೇದಾಯ್ತು ಬಿಡಿ, ಧೂಳು ಕಡಿಮೆ ಆಗಿದೆ" ಅಂದರು. ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಎಷ್ಟೋ ಮನೆಗಳಿಗೆ ಆರಡಿ ಗೋಡೆಯ ಗೀಟನ್ನು ಯೋಚನೆ ಮಾಡದೆ ಎಳೆದಿದ್ದೇನಲ್ಲ ಅನ್ನಿಸಿತು. ಆಮೇಲೆ ಓದಲು ಶುರು ಮಾಡಿದೆ.

ಮೊದಲು ನನಗೆ ಸಿಕ್ಕಿದ್ದು ಅಮೆರಿಕದ ಒಂದು ಹಳೆಯ ಅಧ್ಯಯನ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಂಐಟಿ ವಿಶ್ವವಿದ್ಯಾಲಯ ತನ್ನ ಮದುವೆಯಾದ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್ ಎಂಬ ವಸತಿ ಕಟ್ಟಿತು. ಯಾರಿಗೂ ಯಾರೂ ಪರಿಚಯ ಇಲ್ಲ. ಮನೆಯನ್ನು ಅವರೇ ಆರಿಸಿಕೊಂಡಿದ್ದೂ ಅಲ್ಲ, ಸಿಕ್ಕಿದ ಮನೆಗೆ ಬಂದರು. ಲಿಯಾನ್ ಫೆಸ್ಟಿಂಗರ್, ಸ್ಟಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಸಂಶೋಧಕರು ಇಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಅಂತ ವಿಚಾರಿಸಿ 1950ರಲ್ಲಿ ಪ್ರಕಟಿಸಿದರು. ಅಲ್ಲಿನ ಎರಡು ಮಹಡಿಯ ಕಟ್ಟಡಗಳಲ್ಲಿ ಒಂದೊಂದು ಮಹಡಿಗೆ ಐದು ಮನೆ. ಪಕ್ಕದ ಬಾಗಿಲಿನವರನ್ನು ಆಪ್ತರು ಎಂದು ಹೆಸರಿಸಿದವರು 100ಕ್ಕೆ 41. ಒಂದು ಬಾಗಿಲು ದಾಟಿದರೆ 22. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ 10. ಎರಡು ಬಾಗಿಲುಗಳ ನಡುವೆ ಇದ್ದದ್ದು ಬರೀ 19 ಅಡಿ!

ಆದರೆ ನಕ್ಷೆ ಬಿಡಿಸುವ ನನಗೆ ಹೆಚ್ಚು ನಾಟಿದ್ದು ಬೇರೆ ಸಂಗತಿ. ಅಲ್ಲೇ ಬಿಡಿ ಮನೆಗಳೂ ಇದ್ದವು. ನಡುವೆ ಒಂದು ಹುಲ್ಲಿನ ಅಂಗಳ, ಅದರ ಸುತ್ತ ಮನೆಗಳು. ಹೆಚ್ಚಿನ ಮನೆಗಳ ಮುಖ ಅಂಗಳದ ಕಡೆಗೆ. ತುದಿಯ ಕೆಲವು ಮನೆಗಳ ಮುಖವನ್ನು ಮಾತ್ರ, ರಸ್ತೆಯಲ್ಲಿ ಜನ ವಾಸ ಇದ್ದ ಹಾಗೆ ಕಾಣಲಿ ಅಂತ, ರಸ್ತೆಯ ಕಡೆಗೆ ತಿರುಗಿಸಿದ್ದರು. ಆ ಮನೆಗಳವರಿಗೆ ಆದ ಸ್ನೇಹಿತರ ಸಂಖ್ಯೆ ಉಳಿದವರ ಅರ್ಧಕ್ಕಿಂತ ಕಡಿಮೆ. ಅವರು ಬೇರೆ ಸ್ವಭಾವದವರಲ್ಲ. ಅಂಗಳ ಅಲ್ಲೇ ಪಕ್ಕದಲ್ಲೇ ಇತ್ತು. ಬಾಗಿಲಿನ ಮುಖ ಬೇರೆ ಕಡೆ ಇತ್ತು, ಅಷ್ಟೇ. ಯಾರೋ ರಸ್ತೆಯ ನೋಟಕ್ಕೆ ಅಂತ ಹಾಕಿದ ಗೀಟು ಒಂದು ಮನೆಯವರ ಸಂಜೆಗಳನ್ನೇ ಬದಲಿಸಿತು. ನನ್ನ ಕಸುಬಿನವರಿಗೆ ಇದು ಸಣ್ಣ ವಿಷಯ ಅಲ್ಲ.

ಇದರಲ್ಲಿ ವಿಶೇಷ ಗುಟ್ಟೇನೂ ಇಲ್ಲ. ಸ್ನೇಹಕ್ಕೆ ಮೊದಲು ಮುಖ ಪರಿಚಯ ಬೇಕು. ಮುಖ ಪರಿಚಯಕ್ಕೆ ಹೋಗ್ತಾ ಬರ್ತಾ ಕಣ್ಣಿಗೆ ಬೀಳಬೇಕು. ಆದರೆ ಕಣ್ಣಿಗೆ ಬಿದ್ದರೆ ಸಾಲದು, ಮಾತು ಕೇಳಿಸುವಷ್ಟು ಹತ್ತಿರವೂ ಇರಬೇಕು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಜನ ಎಷ್ಟು ದೂರದಲ್ಲಿ ನಿಂತು ಮಾತಾಡುತ್ತಾರೆ ಅಂತ ನೋಡಿ ಅಳತೆ ಕೊಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಪರಿಚಯದವರ ಜೊತೆ ಸಹಜವಾಗಿ ಮಾತಾಡುವ ದೂರ ಸುಮಾರು 4ರಿಂದ 12 ಅಡಿ. ಸಂಸ್ಕೃತಿಯಿಂದ ಸಂಸ್ಕೃತಿಗೆ ಇದು ಬದಲಾಗುತ್ತದೆ ಅಂತ ಅವರೇ ಹೇಳುತ್ತಾರೆ. ಆದರೂ ಅದಕ್ಕಿಂತ ದೂರ ಹೋದರೆ ಎಲ್ಲರೂ ದನಿ ಏರಿಸಲೇಬೇಕು. ಏರುದನಿಯಲ್ಲಿ "ಹುಷಾರಿದ್ದೀರಾ?" ಅಂತ ಕೇಳಬಹುದು. "ಯಾಕೋ ಮನಸ್ಸಿಗೆ ಬೇಜಾರು" ಅಂತ ಹೇಳಲು ಆಗುವುದಿಲ್ಲ.

ಈ ಅಳತೆ ಇಟ್ಟುಕೊಂಡು ಬಡಾವಣೆಗಳ ಇತಿಹಾಸ ನೋಡಿದೆ. ಶಿಕಾಗೋ ಹತ್ತಿರ ರಿವರ್‌ಸೈಡ್ ಎಂಬ ಬಡಾವಣೆ ಇದೆ. 1869ರಲ್ಲಿ ಅದರ ನಕ್ಷೆ ಮಾಡಿದವರು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮಾಡಿದವರೂ ಅವರೇ. ಬಳುಕುವ ರಸ್ತೆಗಳು, ತುಂಬಾ ಮರಗಳು. ಎತ್ತರದ ಗೋಡೆಗಳನ್ನು ಕಂಡರೆ ಓಲ್ಮ್‌ಸ್ಟೆಡ್ ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಗೋಡೆ ಬದಲು ದೂರ ಇಟ್ಟರು. ಮನೆ ರಸ್ತೆಯಿಂದ 30 ಅಡಿ ಹಿಂದಕ್ಕಿರಬೇಕು, ನಡುವೆ ಮರ ಇರಬೇಕು. ಕಣ್ಣಿಗೆ ಬಹಳ ಚೆಂದ. ಮುಂದೆ ಎಷ್ಟೋ ಊರುಗಳಲ್ಲಿ ಇದೇ ಮಾದರಿ ಆಯಿತು. ಆದರೆ 30 ಅಡಿ ಅಂದರೆ ಬಾಗಿಲಲ್ಲಿ ನಿಂತವರಿಗೂ ಬೀದಿಯಲ್ಲಿ ಹೋಗುವವರಿಗೂ ಮಾತು ಹತ್ತುವುದಿಲ್ಲ. ಕೈ ಬೀಸಬಹುದು ಅಷ್ಟೇ. ಅಷ್ಟು ದೊಡ್ಡ ಮನುಷ್ಯರ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶ ಅಲ್ಲ. ಗೋಡೆ ಇಲ್ಲದೆಯೂ ಮನೆಯನ್ನು ಬೀದಿಯಿಂದ ಬಿಡಿಸಬಹುದು ಅನ್ನುವುದು ಇದರಲ್ಲಿ ಕಾಣುತ್ತದೆ.

ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್ ನನಗೆ ಇದಕ್ಕಿಂತ ಹೆಚ್ಚು ಇಷ್ಟ. ಅದರ ಹಿಂದೆ ಹೆನ್ರಿಯೆಟಾ ಬಾರ್ನೆಟ್ ಎಂಬ ಮಹಿಳೆ ಇದ್ದರು. ಬಡವರು, ಉಳ್ಳವರು, ಮುದುಕರು, ಮಕ್ಕಳು ಎಲ್ಲರೂ ಒಂದೇ ಬಡಾವಣೆಯಲ್ಲಿ ಇರಬೇಕು ಅನ್ನುವುದು ಅವರ ಆಸೆ. ನಕ್ಷೆ ಮಾಡಿದವರು ರೇಮಂಡ್ ಅನ್ವಿನ್ ಮತ್ತು ಬ್ಯಾರಿ ಪಾರ್ಕರ್. ಆಗಿನ ಕಟ್ಟಡದ ನಿಯಮಗಳಲ್ಲಿ ಇವರು ಅಂದುಕೊಂಡ ಸಣ್ಣ ಓಣಿಗಳಿಗೆ ಅವಕಾಶವೇ ಇರಲಿಲ್ಲ. ಅದಕ್ಕಾಗಿ 1906ರಲ್ಲಿ ಬ್ರಿಟನ್ನಿನ ಸಂಸತ್ತಿನಿಂದ ಪ್ರತ್ಯೇಕ ಕಾಯ್ದೆಯನ್ನೇ ಮಾಡಿಸಿಕೊಂಡರು. ಎಕರೆಗೆ ಸರಾಸರಿ 8 ಮನೆ. ಮನೆಗಳ ನಡುವೆ ಇಟ್ಟಿಗೆ ಗೋಡೆ ಬೇಡ, ಗಿಡದ ಬೇಲಿ ಇರಲಿ ಅಂತ ಮೊದಲೇ ತೀರ್ಮಾನ.

ಗಿಡದ ಬೇಲಿಯ ಗುಣ ಯೋಚಿಸಿ ನೋಡಿ. ಅದನ್ನು ಕತ್ತರಿಸುತ್ತಾ ಇರಬೇಕು. ಕತ್ತರಿಸಲು ಹೊರಗೆ ನಿಲ್ಲಬೇಕು. ಅರ್ಧ ಗಂಟೆ ನಿಂತರೆ ಯಾರಾದರೂ ಮಾತಾಡಿಸಿಯೇ ಮಾತಾಡಿಸುತ್ತಾರೆ. ಅದೂ ಅಲ್ಲದೆ ಬೇಲಿ ಇಬ್ಬರದು. ಈ ಕಡೆ ಎಷ್ಟು ಕತ್ತರಿಸಲಿ, ಮೇಲೆ ಎಷ್ಟು ಬಿಡಲಿ ಅಂತ ಕೇಳಲೇಬೇಕು. ಗೋಡೆ ಕಟ್ಟಿದ ಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಮನೆಗಳ ಮುಂದಿನ ಜಾಗವನ್ನು ವರ್ಷಗಟ್ಟಲೆ ಕೂತು ಗಮನಿಸಿದವರು. ಬೀದಿಯಲ್ಲಿ ಎಷ್ಟು ಜನ ಓಡಾಡಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನಿಂತರು ಅನ್ನುವುದು ಮುಖ್ಯ ಅಂತ ಅವರು ಹೇಳುತ್ತಾರೆ. ಗೇಟು ತೆಗೆದು ಕಾರು ಒಳಗೆ ಬಿಡಲು ಒಂದು ನಿಮಿಷ. ಬೇಲಿ ಕತ್ತರಿಸಲು ಅರ್ಧ ಗಂಟೆ. ಬೀದಿಗೆ ಜೀವ ಕೊಡುವುದು ಆ ಅರ್ಧ ಗಂಟೆ.

ಬಾರ್ನೆಟ್ ಅವರ ದೊಡ್ಡ ಆಸೆ ಮಾತ್ರ ಕೈಗೂಡಲಿಲ್ಲ. ಬೇಲಿಗಳು ಉಳಿದವು, ಮನೆಗಳ ಬೆಲೆ ಏರಿ ಏರಿ ಬಡವರು ಸೇರಲಾಗದ ಜಾಗ ಆಯಿತು.

ಹಾಗಾದರೆ ಗೋಡೆ, ಬೇಲಿ ಎರಡನ್ನೂ ತೆಗೆದುಬಿಟ್ಟರೆ? ಅದೂ ಆಗಿದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಮಾತಿಗೆ ಅಡ್ಡ ಬರುವ ಕಥೆ ಇದು. 1947ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್‌ಟೌನ್ ಎದ್ದಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಇರಲು ಮನೆ ಇರಲಿಲ್ಲ. ಲೆವಿಟ್ ಕಂಪನಿ ಮನೆ ಕಟ್ಟುವುದನ್ನು 27 ಹಂತಗಳಾಗಿ ಒಡೆಯಿತು. ಒಂದೊಂದು ತಂಡಕ್ಕೆ ಒಂದೇ ಕೆಲಸ. ಕಾರ್ಖಾನೆಯಲ್ಲಿ ವಸ್ತು ಮುಂದೆ ಸರಿಯುತ್ತದೆ, ಇಲ್ಲಿ ತಂಡಗಳು ಮನೆಯಿಂದ ಮನೆಗೆ ಸರಿದವು. 1951ರ ಹೊತ್ತಿಗೆ 17,000ಕ್ಕೂ ಹೆಚ್ಚು ಮನೆ. ಮೊದಲ ಮನೆಗಳು ಬರೀ 750 ಚದರ ಅಡಿ, ನಿವೇಶನ 60 ಅಡಿಗೆ 100 ಅಡಿ. ಬೇಲಿ ಹಾಕುವಂತಿಲ್ಲ ಅಂತ ಕರಾರು. ಹುಲ್ಲು ವಾರ ವಾರ ಕತ್ತರಿಸಬೇಕು. ಮನೆಯಿಂದ ಮನೆಗೆ ಒಂದೇ ಹಸಿರು ಹಾಸು. ಮಕ್ಕಳಿಗೆ ಎಲ್ಲಾ ಹಿತ್ತಲೂ ತಮ್ಮದೇ.

ಆದರೆ ಅದೇ ಕರಾರಿನಲ್ಲಿ ಇನ್ನೊಂದು ಸಾಲು ಇತ್ತು. ಬಿಳಿಯರಲ್ಲದವರು ಇಲ್ಲಿ ವಾಸ ಮಾಡುವಂತಿಲ್ಲ, ಮನೆಗೆಲಸದವರಾದರೆ ಮಾತ್ರ ಇರಬಹುದು. ಇಂಥ ಕರಾರುಗಳನ್ನು ನ್ಯಾಯಾಲಯ ಜಾರಿ ಮಾಡುವಂತಿಲ್ಲ ಅಂತ 1948ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕಂಪನಿ ಕಪ್ಪು ಜನರಿಗೆ ಮನೆ ಮಾರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅದೇ ಕಂಪನಿ ಎರಡನೇ ಲೆವಿಟ್‌ಟೌನ್ ಕಟ್ಟಿತು. 1957ರ ಆಗಸ್ಟ್‌ನಲ್ಲಿ ವಿಲಿಯಂ ಮೈಯರ್ಸ್, ಡೇಯ್ಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಅಲ್ಲಿ ಮನೆ ಕೊಂಡು ಮಕ್ಕಳ ಜೊತೆ ಬಂದರು. ರಾತ್ರಿ ರಾತ್ರಿ ಜನ ಗುಂಪುಗೂಡಿದರು. ಕಲ್ಲು ಬಿದ್ದು ಕಿಟಕಿ ಒಡೆಯಿತು. ಪೊಲೀಸರು ಕಾವಲು ನಿಲ್ಲಬೇಕಾಯಿತು. ಕಿರುಕುಳ ವಾರಗಟ್ಟಲೆ ನಡೆಯಿತು. ಕಲ್ಲು ಹೊಡೆಯುವವರನ್ನು ತಡೆಯಲು ಅಲ್ಲಿ ಒಂದು ಬೇಲಿಯೂ ಇರಲಿಲ್ಲ.

ಅದೇ ಬೀದಿಯ ಬೇರೆ ಕೆಲವರು ಮೈಯರ್ಸ್ ಮನೆಗೆ ಬಂದು ಅವರ ಜೊತೆ ನಿಂತರು, ಕಾವಲು ಕೂತರು. ಅವರೂ ಅದೇ ಬೇಲಿ ಇಲ್ಲದ ಹುಲ್ಲಿನ ಮೇಲೆ ನಡೆದೇ ಬಂದರು.

ಈ ಕಥೆ ಓದಿದ ಮೇಲೆ ಗೋಡೆ ಇಳಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ಹೇಳುವುದನ್ನು ನಾನು ಬಿಟ್ಟೆ. ಯಾರನ್ನು ಬೀದಿಗೆ ಸೇರಿಸಿಕೊಳ್ಳುತ್ತೇವೆ ಅನ್ನುವುದನ್ನು ನಕ್ಷೆ ತೀರ್ಮಾನಿಸುವುದಿಲ್ಲ. ಅದನ್ನು ನಾವೇ ತೀರ್ಮಾನಿಸಬೇಕು. ನಕ್ಷೆ ಜನರನ್ನು ಎದುರುಬದುರು ತರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಇನ್ನು ಬೀದಿಯ ಕಡೆ ಬರೋಣ. ನಾನು ಗೋಡೆ ಏರಿಸಿದ್ದೇ ಗಾಡಿಗಳಿಂದ ಅಲ್ವಾ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಪ್ರಾಧ್ಯಾಪಕರು 1960ರ ದಶಕದ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ನೋಡಿದರು. ಮೂರೂ ಹತ್ತಿರ ಹತ್ತಿರ, ಮನೆಗಳೂ ಒಂದೇ ಥರ. ಒಂದರಲ್ಲಿ ದಿನಕ್ಕೆ ಸುಮಾರು 2,000 ಗಾಡಿ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಗಾಡಿ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಸ್ನೇಹಿತರು, 6.3 ಪರಿಚಯದವರು. ಗಾಡಿ ಹೆಚ್ಚಿದ್ದ ಬೀದಿಯಲ್ಲಿ ಸ್ನೇಹಿತರು 0.9, ಪರಿಚಯದವರು 3.1.

ಆಪಲ್‌ಯಾರ್ಡ್ ಇನ್ನೊಂದು ಪ್ರಶ್ನೆ ಕೇಳಿದ್ದರು. ನಿಮ್ಮ ಮನೆ ಅಂತ ನಿಮಗೆ ಅನ್ನಿಸುವ ಜಾಗ ಎಲ್ಲಿಯವರೆಗೆ? ಗಾಡಿ ಕಡಿಮೆ ಇದ್ದಲ್ಲಿ ಎಷ್ಟೋ ಜನ ಇಡೀ ಬೀದಿಯನ್ನೇ ತೋರಿಸಿದರು. ಗಾಡಿ ಹೆಚ್ಚಿದ್ದಲ್ಲಿ ತಾವಿರುವ ಕಟ್ಟಡಕ್ಕೇ ಮುಗಿಯಿತು. ಅಂದರೆ ಅವರ ಮನೆ ಚಿಕ್ಕದಾಗಿಬಿಟ್ಟಿತ್ತು. ಒಂದಡಿ ಜಾಗವನ್ನೂ ಯಾರೂ ಒತ್ತುವರಿ ಮಾಡಿರಲಿಲ್ಲ. ನನಗೂ ಇದೇ ಆಗಿದ್ದು ಅಂತ ಓದುವಾಗ ಅನ್ನಿಸಿತು.

ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಊರಿನವರು ಇದಕ್ಕೊಂದು ದಾರಿ ಹುಡುಕಿದರು. ಮನೆಗಳ ನಡುವಿನ ಬೀದಿಯಲ್ಲಿ ಗಿಡ, ಬೆಂಚು, ತಿರುವು ಇಟ್ಟು ಗಾಡಿ ಜೋರಾಗಿ ಹೋಗಲಾಗದ ಹಾಗೆ ಮಾಡಿದರು. 1976ರಲ್ಲಿ ಅದಕ್ಕೆ ಕಾನೂನು ಬಂತು. ಅಂಥ ಬೀದಿಯಲ್ಲಿ ನಡೆಯುವವರು ಪೂರ್ತಿ ಅಗಲವನ್ನೂ ಬಳಸಬಹುದು, ಮಕ್ಕಳು ಆಡಬಹುದು, ಕಾರು ನಡಿಗೆಯ ವೇಗದಲ್ಲಿ ಹೋಗಬೇಕು. ಅವರು ಅದಕ್ಕೆ ಇಟ್ಟ ಹೆಸರು 'ವೂನೆರ್ಫ್'. ಹೆಚ್ಚು ಕಡಿಮೆ 'ವಾಸದ ಅಂಗಳ' ಅಂತ ಅರ್ಥ. ಬೀದಿಗೆ ಅಂಗಳ ಅಂತ ಹೆಸರು!

ಪರಿಚಯ ಇದ್ದರೆ ಎಷ್ಟು, ಬಿಟ್ಟರೆ ಎಷ್ಟು ಅಂತ ಕೇಳುವವರಿಗೆ 1995ರ ಜುಲೈನ ಶಿಕಾಗೋ ನೆನಪಿಸುತ್ತೇನೆ. ಕೆಲವೇ ದಿನಗಳ ಬಿರುಬಿಸಿಲಿಗೆ 700ಕ್ಕೂ ಹೆಚ್ಚು ಜನ ಸತ್ತರು. ಒಂಟಿಯಾಗಿದ್ದ ಮುದುಕರೇ ಬಹಳ. ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್ ಅಂತ ಅಕ್ಕಪಕ್ಕದ ಎರಡು ಪ್ರದೇಶ. ಎರಡರಲ್ಲೂ ಒಂಟಿ ಮುದುಕರು, ಬಡವರು ಹತ್ತಿರ ಹತ್ತಿರ ಅಷ್ಟೇ. ಆದರೆ ಸಾವಿನ ಪ್ರಮಾಣ ಒಂದರಲ್ಲಿ ಇನ್ನೊಂದರ ಸುಮಾರು 10 ಪಟ್ಟು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಎರಡೂ ಕಡೆ ಓಡಾಡಿ ಕಾರಣ ಹುಡುಕಿದರು. ಸಾವು ಹೆಚ್ಚಿದ್ದಲ್ಲಿ ಮನೆಗಳು ಖಾಲಿ ಬಿದ್ದಿದ್ದವು, ಅಂಗಡಿಗಳು ಮುಚ್ಚಿದ್ದವು, ಮುದುಕರು ಹೊರಗೆ ಕಾಲಿಡಲು ಹೆದರುತ್ತಿದ್ದರು. ಕಡಿಮೆ ಇದ್ದಲ್ಲಿ ಬೀದಿ ತುಂಬಾ ಜನ ಇದ್ದರು. ಇದು ಬಡಾವಣೆಯಲ್ಲ, ನಗರದ ಒಳಗಿನ ಕಥೆ, ಒಪ್ಪುತ್ತೇನೆ. ಆದರೆ ನಾಲ್ಕು ದಿನದ ಪೇಪರ್ ಗೇಟಿನಲ್ಲಿ ಬಿದ್ದಿದ್ದನ್ನು ನೋಡಿದ ನನಗೆ ಅದು ದೂರದ ಕಥೆ ಅನ್ನಿಸಲಿಲ್ಲ.

ಈಗ ನಕ್ಷೆ ಬಿಡಿಸುವಾಗ ನಾನು ಕೆಲವನ್ನು ಬೇರೆ ಥರ ಮಾಡುತ್ತೇನೆ. ಮನೆಯ ನೆಲವನ್ನು ಬೀದಿಗಿಂತ ಎರಡಡಿ ಎತ್ತರಿಸುತ್ತೇನೆ. ಆಗ ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ, ಹೋಗುವವರಿಗೆ ಒಳಗಿನದು ಅಷ್ಟಾಗಿ ಕಾಣುವುದಿಲ್ಲ. ಮುಂದಿನ ಗೋಡೆ ಮೊಣಕೈ ಊರುವಷ್ಟು. ಕೂತವರು ಮರೆಯಲ್ಲಿರುತ್ತಾರೆ, ನಿಂತವರು ಮಾತಾಡಬಹುದು. ಬಾಗಿಲ ಪಕ್ಕ ಇಬ್ಬರು ಕೂರುವಷ್ಟು ಜಗಲಿ ಇಡುತ್ತೇನೆ, ಬೀದಿಯಿಂದ ಹತ್ತು ಹನ್ನೆರಡು ಅಡಿಯೊಳಗೆ. ಕಾರನ್ನು ಒಂದು ಪಕ್ಕಕ್ಕೆ ಸರಿಸುತ್ತೇನೆ. ಇದಕ್ಕೆ ಬಹಳ ಜನ ಒಪ್ಪುವುದಿಲ್ಲ. ಮನೆಯ ಮುಂದಿನ ಒಳ್ಳೆಯ ಜಾಗವೆಲ್ಲ ಕಾರಿಗೇ ಬೇಕು ಅನ್ನುತ್ತಾರೆ. ನಾನು ವಾದ ಮಾಡುತ್ತೇನೆ. ಕೆಲವು ಸಲ ಗೆಲ್ಲುತ್ತೇನೆ.

ಉಪನ್ಯಾಸ ಆದ ಮೇಲೆ ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ನೀವು ಹೇಳೋದು ಚೆನ್ನಾಗಿದೆ. ಆದ್ರೆ ನಾನು ಎಷ್ಟೊತ್ತಿಗೆ ಬಂದೆ, ಯಾರ ಜೊತೆ ಬಂದೆ ಅಂತ ಬೀದಿಯವರೆಲ್ಲ ನೋಡ್ತಾರೆ. ನನಗೆ ಆರಡಿ ಗೋಡೆನೇ ನೆಮ್ಮದಿ." ಅವಳ ಮಾತು ನಿಜ. ಪರಿಚಯದ ಕಣ್ಣು ಅಂದರೆ ಕಾಯುವ ಕಣ್ಣು ಅಷ್ಟೇ ಅಲ್ಲ, ಲೆಕ್ಕ ಇಡುವ ಕಣ್ಣೂ ಹೌದು. ಅದರ ಭಾರ ಹೆಣ್ಣುಮಕ್ಕಳ ಮೇಲೆ ಜಾಸ್ತಿ. ಅದಕ್ಕೇ ಮನೆಯ ಹಿಂಭಾಗ ಪೂರ್ತಿ ಮರೆಯಲ್ಲಿರಬೇಕು, ಜಗಲಿ ದಾಟದೆ ಒಳಗೆ ಹೋಗುವ ಇನ್ನೊಂದು ದಾರಿಯೂ ಇರಬೇಕು ಅಂತ ನಾನು ನೋಡಿಕೊಳ್ಳುತ್ತೇನೆ. ಮಾತಾಡಬೇಕು ಅನ್ನಿಸಿದ ದಿನ ಮುಂದೆ, ಬೇಡ ಅನ್ನಿಸಿದ ದಿನ ಪಕ್ಕದಿಂದ. ಆದರೆ ಬೀದಿಯವರು ಲೆಕ್ಕ ಇಡುವುದನ್ನು ನಿಲ್ಲಿಸುವ ಗೋಡೆಯನ್ನು ನಾನು ಬಿಡಿಸಲಾರೆ. ಅದನ್ನು ಅವಳಿಗೂ ಹೇಳಿದೆ.

ಇನ್ನೊಬ್ಬರು, ನಿಮ್ಮ ಗೋಡೆ ಏನಾಯಿತು ಅಂತ ಕೇಳಿದರು. ಮುಂದಿನದು ಹಾಗೇ ಇದೆ. ಬೀದಿಯಲ್ಲಿ ಧೂಳೂ ಕಡಿಮೆಯಾಗಿಲ್ಲ, ಗಾಡಿಗಳೂ ಕಡಿಮೆಯಾಗಿಲ್ಲ. ಪಕ್ಕದ ಮನೆ ಕಡೆಯದನ್ನು ಮತ್ತೆ ಮೂರೂವರೆ ಅಡಿಗೆ ಇಳಿಸಿದೆ. ಒಡೆಯುವಾಗ ಅವರೂ ಆಚೆ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಈಗ ಬೆಳಿಗ್ಗೆ ತಮ್ಮ ಗಿಡಗಳಿಗೆ ನೀರು ಬಿಟ್ಟಾದ ಮೇಲೆ ಪೈಪನ್ನು ಗೋಡೆಯ ಮೇಲಿಂದ ಈ ಕಡೆಗೂ ತಿರುಗಿಸುತ್ತಾರೆ. ನನ್ನ ಗಿಡಗಳಿಗೆ ಸಾಕಷ್ಟು ನೀರು ಹಾಕುವುದಿಲ್ಲ ಅಂತ ಅವರ ದೂರು.